ಒರೆಸದೆ ಉಳಿದ ಬೋರ್ಡು

ಮೊಮ್ಮಗಳು ಬಳಪದಲ್ಲಿ ಬರೆದ ಪಾಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಒಂದು ವಾಸನೆ ಏಳುತ್ತದೆ. ನಿಮಗೂ ಗೊತ್ತಿರಬೇಕು. ಅದರಿಂದ ಎಲ್ಲರಿಗೂ ಬಾಲ್ಯ ನೆನಪಾಗುತ್ತದಂತೆ. ನಾನು ಮಾತ್ರ ಎದ್ದು ಹೊರಗೆ ಹೋಗುತ್ತೇನೆ. ಅದಕ್ಕೆ ಕಾರಣ ನಮ್ಮೂರಿನ ಬೋರ್ಡಿನ ಚನ್ನಪ್ಪನವರು.

ನವಲಗುಂದದ ಬಸ್ಸು ಇಳಿದು ಇನ್ನಷ್ಟು ನಡೆಯಬೇಕಾದ ಊರು ನಮ್ಮದು. ಎಂಬತ್ತರ ದಶಕದಲ್ಲಿ ಅಲ್ಲಿಗೆ ಪತ್ರಿಕೆ ಬರುವುದು ಮಧ್ಯಾಹ್ನ, ಚನ್ನಪ್ಪನವರು ಬರುವುದು ಬೆಳಿಗ್ಗೆ. ಹಿಟ್ಟಿನ ಗಿರಣಿಯ ತಗಡಿನ ಕೆಳಗೆ ನೇತುಹಾಕಿದ ಕರಿಬೋರ್ಡಿನ ಮೇಲೆ ಅವರು ದಿಲ್ಲಿಯ ಪ್ರಧಾನಿಗೂ ನಮ್ಮ ಪಂಚಾಯಿತಿಯ ಚೇರಮನ್ನರಿಗೂ ಒಂದೇ ಅಳತೆಯ ಅಕ್ಷರಗಳಲ್ಲಿ ಬುದ್ಧಿ ಹೇಳುತ್ತಿದ್ದರು. ಪ್ರಜಾಪ್ರಭುತ್ವವೆಂದರೆ ಇದೇ ಇರಬೇಕೆಂದು ನಾವು ನಂಬಿದ್ದೆವು. ಜೋಳ ಬೀಸಿಸಲು ಬಂದವರು ಓದಿ, ಓದು ಬಾರದವರಿಗೆ ಉಪ್ಪುಖಾರ ಹಚ್ಚಿ ಹೇಳುತ್ತಿದ್ದರು.

ರೇಷನ್ ಸಕ್ಕರೆಯಲ್ಲಿ ಉಸುಕು ಬರುವುದು ನಿಂತದ್ದು ಆ ಬೋರ್ಡಿನಿಂದ. ಕಂಪೌಂಡರ್ ಒಬ್ಬ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಳ್ನಾವರಕ್ಕೆ ಓಡಿಹೋದದ್ದೂ ಅದರಿಂದಲೇ. ಅವನದೇನೂ ತಪ್ಪಿರಲಿಲ್ಲವೆಂದು ಆಮೇಲೆ ತಿಳಿಯಿತು. ಚನ್ನಪ್ಪನವರು ತಪ್ಪೊಪ್ಪುವ ಪೈಕಿ ಅಲ್ಲ. ಮರುದಿನ ಬೋರ್ಡು ಒರೆಸಿ ಬೇರೆ ಯಾರ ಮೇಲಾದರೂ ಬರೆಯುತ್ತಿದ್ದರು. ಹೀಗಾಗಿ ನಮ್ಮೂರಲ್ಲಿ ಮಾನ ಹೋದರೂ ಸಾಮಾನ್ಯವಾಗಿ ಒಂದು ದಿನದ ಮಟ್ಟಿಗೆ ಹೋಗುತ್ತಿತ್ತು.

ಒಂದು ವರ್ಷ ರೈತರ ಗದ್ದಲವಾಗಿ ಪೊಲೀಸರು ಮನೆ ಹೊಕ್ಕು ಹುಡುಗರನ್ನು ಹಿಡಿದೊಯ್ದರು. ಅವರನ್ನು ಬಿಡಿಸಲು ಧಾರವಾಡದ ಕೋರ್ಟಿಗೆ ತಿರುಗಿ ಚಪ್ಪಲಿ ಸವೆಸಿದವರು ಚನ್ನಪ್ಪನವರೇ. ಅದನ್ನು ಮರೆಯಬಾರದು. ಆದರೆ ಒಂದು ಬೆಳಿಗ್ಗೆ ಅವರು ಬೋರ್ಡಿನ ಮೇಲೆ ಹೀಗೆ ಬರೆದರು: ‘ಹುಡುಗರ ಹೆಸರು ಕೊಟ್ಟವರು ಯಾರು? ಅವರನ್ನು ಹಿಡಿಯುವ ಹಿಂದಿನ ಸಂಜೆ ಪೊಲೀಸ್ ಜೀಪು ಶಿವನಗೌಡನ ಮನೆ ಮುಂದೆ ಏಕೆ ನಿಂತಿತ್ತು?’ ಬರೆದು ಮನೆಗೆ ಹೋದರು. ಊಟಕ್ಕೆ ಕುಳಿತವರು ಹಾಗೇ ಗೋಡೆಗೆ ಒರಗಿ ತೀರಿಕೊಂಡರು.

ಶಿವನಗೌಡ ನನ್ನ ಕಾಕಾ.

ಮರುದಿನ ಬೋರ್ಡು ಒರೆಸುವವರೇ ಇಲ್ಲ. ಅಭಿಮಾನಿಗಳು ಅದಕ್ಕೆ ಹಾರ ಹಾಕಿ, ವಿಭೂತಿ ಹಚ್ಚಿ, ಊದುಬತ್ತಿ ಬೆಳಗತೊಡಗಿದರು. ನನ್ನ ಕಾಕಾನ ಹೆಸರಿಗೆ ಎರಡು ಹೊತ್ತು ಪೂಜೆ! ಊರ ದೇವರಿಗೂ ಅಷ್ಟು ನೇಮ ಇರಲಿಲ್ಲ. ನಾವು ಒರೆಸಿದರೆ ಕಳ್ಳರು. ಬೇರೆಯವರು ಒರೆಸಿದರೆ ಕಳ್ಳನ ಕಡೆಯವರು.

“ಜೀಪಿಗೆ ನೀರು ಬೇಕಂದ್ರು, ಕೊಟ್ಟೆ. ನೀರು ಕೊಟ್ಟೀನಿ, ಹೆಸರು ಕೊಟ್ಟಿಲ್ಲಲೇ,” ಎಂದ ಕಾಕಾ ನನ್ನ ಮುಂದೆ.

ಜೇಲಿನ ಒಳಗಿದ್ದ ಹುಡುಗರ ಅಣ್ಣತಮ್ಮಂದಿರು ಸಂಜೆಯ ಹೊತ್ತು ನಮ್ಮ ಮನೆಯೆದುರು ಬಂದು ಸುಮ್ಮನೆ ಕೂಡುತ್ತಿದ್ದರು. ಬೈದಿದ್ದರೆ ಸ್ವಲ್ಪ ಧೈರ್ಯವಾದರೂ ಬರುತ್ತಿತ್ತು. ಕ್ಷೌರಿಕನ ಮಗನೂ ಜೇಲಿನಲ್ಲಿದ್ದ. “ಬರ್ರಿ ಗೌಡ್ರ, ಗಡ್ಡ ಭಾಳ ಬೆಳದೈತಿ,” ಎಂದು ಕ್ಷೌರಿಕ ಪ್ರೀತಿಯಿಂದಲೇ ಕರೆದ. ಕಾಕಾ ಅವನ ಕೈಯಲ್ಲಿದ್ದ ಕತ್ತಿ ನೋಡಿ, “ನಾಳೆ ಬರ್ತೀನೋ,” ಎಂದು ತಿರುಗಿದ. ಗಡ್ಡ ಎದೆಗಿಳಿಯಿತು. ಅಪರಾಧಿಯ ಲಕ್ಷಣವೇ ಅದು ಎಂದು ಗಿರಣಿಯ ಮುಂದೆ ತೀರ್ಮಾನವಾಯಿತು.

ಕೊನೆಗೆ ಕಾಕಾನನ್ನು ಕರೆದುಕೊಂಡು ಚನ್ನಪ್ಪನವರ ಹೆಂಡತಿ ನೀಲವ್ವನ ಬಳಿಗೆ ಹೋದೆ.

“ಅಕ್ಕಾರ, ಊಟಕ್ಕ ಕುಂತಾಗ ನನ್ನ ಬಗ್ಗೆ ಏನರೆ ಅಂದ್ರೇನ್ರಿ?” ಎಂದ ಕಾಕಾ.

“ರೊಟ್ಟಿ ಬಿರುಸಾಗ್ಯಾವು ಅಂದ್ರು. ಬ್ಯಾರೆ ಏನೂ ಅನ್ನಲಿಲ್ಲ.”

ಮಹಾ ಟೀಕಾಕಾರರ ಕೊನೆಯ ಟೀಕೆ ರೊಟ್ಟಿಯ ಮೇಲೆ! ನಗುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

“ನಾ ಹೆಸರು ಕೊಟ್ಟಿಲ್ರಿ. ನೀವರೆ ನಂಬ್ರಿ.”

“ನಂಬಾಕ ನಾ ಏನು ನೋಡೀನೋ ಯಪ್ಪಾ? ನಂಬದಿರಾಕರ ಏನು ನೋಡೀನಿ?”

ಮರುದಿನ ಬೆಳಿಗ್ಗೆ ನೀಲವ್ವ ಒದ್ದೆ ಅರಿವೆ ಹಿಡಿದು ಗಿರಣಿಗೆ ಬಂದಳು. “ಯವ್ವಾ, ಅದು ಅವರ ಕಡೀ ಬರಹ ಐತಿ, ಮುಟ್ಟಬ್ಯಾಡ್ರಿ!” ಎಂದು ಒಬ್ಬ ಅಡ್ಡ ಬಂದ.

“ಇಷ್ಟು ವರ್ಷ ಈ ಅರಿವಿ ಒಗದು ಕೊಟ್ಟಾಕಿ ನಾನ. ಸರಿ ಬಾಜೂಕ!”

ಹಾರ ತೆಗೆದು, ಒರೆಸಿದಳು. ಬಿಳಿ ನೀರು ಗೋಡೆಯ ಮೇಲೆ ಇಳಿಯಿತು. ಆಮೇಲೆ ಜನರ ಹಿಂದೆ ನಿಂತಿದ್ದ ಕಾಕಾನ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವಂತೆ ಹೇಳಿದಳು: “ಗೌಡ್ರ, ನಾ ಒರಸೀನಿ ಅಷ್ಟ. ನೀವು ಮಾಡಿಲ್ಲ ಅಂತ ಹೇಳಿಲ್ಲ.”

ಹುಡುಗರು ಬಿಡುಗಡೆಯಾಗಿ ಬಂದರು. ಕಾಕಾನನ್ನು ಯಾರೂ ಹೊಡೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಕೇಳಿದ್ದರೆ ಉತ್ತರ ಕೊಡಬಹುದಿತ್ತು. ಆ ಉತ್ತರವನ್ನು ಎದೆಯಲ್ಲೇ ಇಟ್ಟುಕೊಂಡು ಅವನು ಎಷ್ಟೋ ವರ್ಷಗಳ ನಂತರ ಸತ್ತ.

ಈಗ ಊರಿನವರು ಗಿರಣಿಯ ಸರ್ಕಲ್ಲಿಗೆ ಚನ್ನಪ್ಪನವರ ಹೆಸರಿಟ್ಟಿದ್ದಾರೆ. ನಾನೂ ಒಪ್ಪಿದೆ. ಉಸುಕಿಲ್ಲದ ಸಕ್ಕರೆ ತಿಂದ ಬಾಯಿ ಬೇಡ ಎನ್ನುವುದು ಹೇಗೆ? ಮೊನ್ನೆ ಆ ಸಮಾರಂಭಕ್ಕೆ ಹೊರಟಾಗ ಶಲವಡಿಯ ಹತ್ತಿರ ಬಾಡಿಗೆ ಟೆಂಪೊ ಎಂಜಿನ್ ಕಾದು ನಿಂತಿತು. ಡ್ರೈವರ್ ರಸ್ತೆ ಪಕ್ಕದ ಮನೆಯೊಂದರಲ್ಲಿ ನೀರು ಕೇಳಿದ. ಮನೆಯವನು ಕೊಡ ತಂದುಕೊಟ್ಟು, ಬಾಗಿಲಲ್ಲಿ ನಿಂತು ಅವನಿಗೆ ಏನೋ ಹೇಳಿದ. ನೀರು ಕೊಡುವವನು ಮಾತನ್ನೂ ಆಡುತ್ತಾನಲ್ಲ ಎಂದು ನನಗೆ ಹೊಳೆದದ್ದು ಆಗಲೇ.

ಡ್ರೈವರ್ ಬಂದು ಗಾಡಿ ಚಾಲೂ ಮಾಡಿದ. “ಏನು ಮಾತಾಡಿದ್ಯೋ ಅವನ ಜೋಡಿ?” ಎಂದು ಕೇಳಿದೆ.

“ಏನಿಲ್ರಿ ಕಾಕಾ. ನೀರು ಕೇಳಿದೆ, ಅಷ್ಟ.”

ನಾನು ನಂಬಲಿಲ್ಲ.