ಅಪ್ಪನ ಉತ್ತರಗಳನ್ನು ಹಿಂದಿಯಲ್ಲಿ ಹೇಳಿದ ದಿನ

ನಾನು ಐದು ತಿಂಗಳ ಬಸುರಿಯಾಗಿದ್ದಾಗ ಅಪ್ಪನನ್ನು ಶ್ವಾಸಕೋಶದ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಅಮ್ಮ ತೀರಿಕೊಂಡ ಮೇಲೆ ಅವನು ಭಾಂಡುಪ್‌ನ ನಮ್ಮ ಮನೆಯಲ್ಲೇ ಇದ್ದ. ಉಡುಪಿ ಕಡೆಯಿಂದ ಬಂದು ದಾದರ್‌ನ ಒಂದು ಹೋಟೆಲಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಭಟ್ಟಿ ಒಲೆಯ ಹೊಗೆಯ ಮುಂದೆ ನಿಂತವನು. ಈಗ ಹಾಲ್‌ನಿಂದ ಬಾತ್‌ರೂಮಿಗೆ ಹೋಗುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಲ್ಲುತ್ತಿದ್ದ.

ಆಗ ನಾನು ದಿನಕ್ಕೆ ಮೂರು ಸಿಗರೇಟು ಸೇದುತ್ತಿದ್ದೆ. ಗೋರೆಗಾಂವ್‌ನ ಆಫೀಸಿನ ಹಿಂದಿನ ಟಪರಿಯಲ್ಲಿ, ಎಂದರೆ ಚಹಾದ ಗೂಡಂಗಡಿಯಲ್ಲಿ, ಎರಡು, ಮನೆಗೆ ಬಂದ ಮೇಲೆ ಅಡುಗೆಮನೆಯ ಕಿಟಕಿಯ ಹತ್ತಿರ ಒಂದು. ಬಸುರಿ ಎಂದು ಗೊತ್ತಾದ ದಿನವೇ ಬಿಟ್ಟೆ ಅಂತ ಗಂಡನಿಗೆ ಹೇಳಿದ್ದೆ. ಅವನು ನಂಬಿದ್ದ. ಮಾಡುತ್ತಿರುವುದು ತಪ್ಪೆಂದು ಗೊತ್ತಿತ್ತು, ಆದರೆ ಆ ತಿಳಿವಳಿಕೆ ನನ್ನನ್ನು ಎಲ್ಲಿಯೂ ಮುಟ್ಟುತ್ತಿರಲಿಲ್ಲ. ಮಗು ಮೊದಲ ಸಲ ಅಲುಗಾಡಿದಾಗಲೂ ಬಸ್ಸಿನಲ್ಲಿ ಪಕ್ಕದವರ ಮೊಣಕೈ ತಾಗಿದಷ್ಟೇ ಅನಿಸಿತ್ತು.

ಆಸ್ಪತ್ರೆಯಲ್ಲಿ ಅಪ್ಪನ ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, "ಫೂಂಕೋ, ಔರ್ ಫೂಂಕೋ" ಎಂದು ಊದಿಸಿದರು. ಮೂರನೆಯ ಸಲಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಆಮೇಲೆ ಉದ್ದನೆಯ ಕಾರಿಡಾರಿನಲ್ಲಿ ಆರು ನಿಮಿಷ ನಡೆಯಬೇಕಿತ್ತು. ನಾಲ್ಕನೆಯ ನಿಮಿಷಕ್ಕೆ ಅವನು ಬೆಂಚಿನ ಮೇಲೆ ಕುಳಿತುಬಿಟ್ಟ. ಡಾಕ್ಟರ್ ವರದಿ ನೋಡಿ, ಬೀಡಿ ಎಷ್ಟು ವರ್ಷ ಸೇದಿದಿರಿ ಎಂದು ಕೇಳಿದರು. ಒಂದೂ ಇಲ್ಲ ಎಂದ. ಅವರು ಮತ್ತೊಮ್ಮೆ ಕೇಳಿದರು. ಅವನು ಮತ್ತೊಮ್ಮೆ ಇಲ್ಲ ಎಂದ.

ಕೊನೆಗೆ ಮನಸ್ಸಿನ ಪರೀಕ್ಷೆ. ಸಣ್ಣ ಕೋಣೆಯಲ್ಲಿ ಕನ್ನಡಕ ಹಾಕಿದ ಹುಡುಗಿಯೊಬ್ಬಳು ಹಾಳೆ ಇಟ್ಟುಕೊಂಡು ಹಿಂದಿಯಲ್ಲಿ ಪ್ರಶ್ನೆ ಕೇಳತೊಡಗಿದಳು. ಅಪ್ಪನಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅದು ಹೋಟೆಲಿನ ಅಡುಗೆಮನೆಯ ಹಿಂದಿ. ಅವನು ನನ್ನ ಕಡೆ ತಿರುಗಿ ಕನ್ನಡದಲ್ಲಿ ಉತ್ತರಿಸಿದ. ನಾನು ಹಿಂದಿಯಲ್ಲಿ ಹೇಳುತ್ತ ಹೋದೆ.

ಕಳೆದ ಎರಡು ವಾರಗಳಲ್ಲಿ ಹೆದರಿಕೆ ಆಗಿತ್ತೇ ಎಂದು ಅವಳು ಕೇಳಿದಳು.

"ಉಸಿರು ಸಿಗದಿದ್ದಾಗ ಆಗ್ತದೆ" ಎಂದ ಅಪ್ಪ. "ಆಗ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಕೂತ್ಕೊಳ್ತೇನೆ. ಕೆಮ್ಮುವುದು ನಿಮಗೆ ಕೇಳುವುದು ಬೇಡ ಅಂತ."

ನೀರು ಸುಮ್ಮನೆ ಹರಿಯಬಿಡುತ್ತಾನೆಂದು ನಾನು ಅವನನ್ನು ಎಷ್ಟೋ ಸಲ ಗದರಿದ್ದೆ. ಅಪ್ಪನ ಮಾತನ್ನು ಹಿಂದಿಯಲ್ಲಿ ಹೇಳಿದೆ, ನಾನು ಗದರಿದ್ದನ್ನು ಬಿಟ್ಟು.

"ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರಾ?" ಹುಡುಗಿ ಕೇಳಿದಳು.

ಇದಕ್ಕೆ ಅವನೇ 'ನಹೀಂ' ಎಂದಿದ್ದರೆ ಸಾಕಿತ್ತು. ಆದರೆ ಅಪ್ಪ ಗೋಡೆ ನೋಡುತ್ತಾ, "ಯಾರೂ ಇಲ್ಲ ಅಂತ ಹೇಳು" ಎಂದ.

ನಾನು ಹೇಳಿದೆ. "ಘರ್ ಮೇ ಕೋಯೀ ನಹೀಂ ಪೀತಾ." ಅವಳು ಗುರುತು ಹಾಕಿಕೊಂಡಳು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅವಳ ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಚಪ್ಪಟೆಯಾಗಿದ್ದದ್ದು ಮಾತ್ರ ನೆನಪಿದೆ.

ರಿಕ್ಷಾದಲ್ಲಿ ಮನೆಗೆ ಹೊರಟೆವು. ಸಿಗ್ನಲ್ಲಿನಲ್ಲಿ ನಿಂತಾಗ ಅಪ್ಪ ಕೇಳಿದ, "ನಿನ್ನ ಡಾಕ್ಟರ್ ಹತ್ರ ಹೇಳಿದ್ದೀಯಾ?"

"ಇಲ್ಲ."

"ಅಲ್ಲಿ ಇಲ್ಲ ಅಂತ ಹೇಳ್ಲಿಕ್ಕೆ ನಾನು ಬರುವುದಿಲ್ಲ."

ಅಷ್ಟೇ. ಬೈಯಲಿಲ್ಲ. ಎಷ್ಟು ದಿನದಿಂದ ಗೊತ್ತು ಎಂದು ನಾನೂ ಕೇಳಲಿಲ್ಲ. ಅಡುಗೆಮನೆಯ ಕಿಟಕಿ ಅವನು ಕೂರುವ ಜಾಗದಿಂದ ಹತ್ತು ಹೆಜ್ಜೆ ದೂರವೂ ಇರಲಿಲ್ಲ.

ಮುಂದಿನ ವಾರ ಹೆರಿಗೆ ಆಸ್ಪತ್ರೆಯ ತಪಾಸಣೆಗೆ ಒಬ್ಬಳೇ ಹೋದೆ. ನರ್ಸ್ ಎಂದಿನಂತೆ ತಲೆ ಎತ್ತದೆ ಕೇಳಿದಳು: ಬಿಪಿ, ಶುಗರ್, ಥೈರಾಯ್ಡ್, ತಂಬಾಕು. ಕೊನೆಯದಕ್ಕೆ ಹೌದು ಎಂದೆ. ಅವಳು ಆಗ ತಲೆ ಎತ್ತಿದಳು, ದಿನಕ್ಕೆಷ್ಟು ಎಂದು ಕೇಳಿ ಬರೆದುಕೊಂಡಳು. ಅಂಗೈಯಗಲದ ಒಂದು ಯಂತ್ರಕ್ಕೆ ನನ್ನಿಂದ ಊದಿಸಿದರು. ಹೊಗೆಯಲ್ಲಿನ ವಿಷಗಾಳಿ ನನ್ನ ರಕ್ತದಲ್ಲಿ ಎಷ್ಟಿದೆ ಎಂದು ಅದು ತೋರಿಸುತ್ತದಂತೆ, ಮಗುವಿಗೂ ಅದೇ ರಕ್ತ ಎಂದು ಡಾಕ್ಟರ್ ಮೆಲ್ಲಗೆ ಹೇಳಿದರು. ನಾನು ತಲೆಯಾಡಿಸಿದೆ. ಬೇರೆ ಯಾರದೋ ವಿಷಯ ಕೇಳುತ್ತಿದ್ದಂತಿತ್ತು.

ಬಳಿಕ ಅಲ್ಲಿಯೂ ಒಂದು ಹಾಳೆ ಬಂತು. ಯಾವುದರಲ್ಲೂ ಆಸಕ್ತಿಯಿಲ್ಲ ಅನಿಸುತ್ತದೆಯೇ ಎಂಬ ಪ್ರಶ್ನೆಗೆ ನಾಲ್ಕು ಉತ್ತರಗಳಿದ್ದವು. ನಾನು ಕೊನೆಯದನ್ನು ಆರಿಸಿದೆ, ಹೆಚ್ಚುಕಡಿಮೆ ಪ್ರತಿದಿನ. ಗುರುತು ಹಾಕುವ ತನಕ ಅದು ನನಗೇ ಗೊತ್ತಿರಲಿಲ್ಲ. ಇದು ಸಿಗರೇಟಿನ ಮಾತಷ್ಟೇ ಅಲ್ಲ, ಮನಸ್ಸಿಗೂ ಚಿಕಿತ್ಸೆ ಬೇಕು ಎಂದು ಡಾಕ್ಟರ್ ವಾರಕ್ಕೊಮ್ಮೆ ಬರಹೇಳಿದರು. ಆ ಸಂಜೆಯೇ ಗಂಡನಿಗೆ ಎಲ್ಲ ಹೇಳಿದೆ. ಅವನು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, "ಈ ವಾರ ನಾನೂ ಬರ್ತೀನಿ" ಎಂದ.

ಒಂದೇ ಸಲಕ್ಕೆ ಬಿಡಲಾಗಲಿಲ್ಲ. ಎರಡು ಸಲ ಟಪರಿಗೆ ಹೋಗಿ ಸೇದಿ ಬಂದೆ, ಎರಡು ಸಲವೂ ಆಸ್ಪತ್ರೆಗೆ ಹೋಗಿ ಹೇಳಿದೆ. ಏಳನೆಯ ತಿಂಗಳಿಗೆ ಸೇದುವುದು ಪೂರ್ತಿ ನಿಂತಿತು. ಮಗಳು ತುಸು ಕಡಿಮೆ ತೂಕದವಳಾಗಿ ಹುಟ್ಟಿದಳು. ಬೇರೇನೂ ತೊಂದರೆಯಿಲ್ಲ ಎಂದರು. ಮೊದಲ ಸಲ ಎತ್ತಿಕೊಂಡಾಗ ಅಳು ಬರಬಹುದೆಂದು ಕಾದೆ, ಬರಲಿಲ್ಲ. ಅವಳ ಬಗ್ಗೆ ನನಗೆ ಪ್ರೀತಿ ಹುಟ್ಟಿದ್ದು ಯಾವಾಗ ಎಂದು ನಿಖರವಾಗಿ ಹೇಳಲಾರೆ. ತಿಂಗಳುಗಳೇ ಬೇಕಾದವು.

ಅಪ್ಪನ ಶ್ವಾಸಕೋಶ ಸುಧಾರಿಸಲಿಲ್ಲ, ಸುಧಾರಿಸುವುದೂ ಇಲ್ಲವಂತೆ. ಈಗ ಕೆಮ್ಮು ಬಂದರೆ ಹಾಲ್‌ನಲ್ಲೇ ಕುಳಿತು ಕೆಮ್ಮುತ್ತಾನೆ. ನಾನು ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟು ನಿಲ್ಲುತ್ತೇನೆ.