ಕಾಶ್ಯಪ ಗೋತ್ರ, ತ್ರಿಕೋನ ಪಿ ಕ್ಯೂ ಆರ್

ಹಾಗಾದರೆ ಆ ಸ್ವೆಟರ್ ಎಲ್ಲಿಂದ ಬಂತು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ ನೆನಪಿನಲ್ಲಿ ನಾನೂ ಮಗಳು ಸುನೀತಾಳೂ ಎಲ್ಲೋರಾ, ಅಂದರೆ ವೆರೂಳದ ಘೃಷ್ಣೇಶ್ವರನ ಗುಡಿಗೆ ಹೋದದ್ದು ನನ್ನ ಗಣಿತದ ಪರೀಕ್ಷೆಯ ಹಿಂದಿನ ದಿನ, ಅಕ್ಟೋಬರಿನ ಸುಡುವ ಬಿಸಿಲಿನಲ್ಲಿ. ಸುನೀತಾ ಹೇಳುತ್ತಾಳೆ, ಆ ದಿನ ಅವಳ ಮೈಮೇಲೆ ಸ್ವೆಟರ್ ಇತ್ತು; ಅಂದರೆ ಚಳಿಗಾಲ; ಅಂದರೆ ಪರೀಕ್ಷೆ ಮುಗಿದು ರಿಸಲ್ಟ್ ಬಂದ ಮೇಲೆ. ಅವಳ ಮಾತು ನಿಜವಾದರೆ ನಾನು ಇಷ್ಟು ವರ್ಷ ಸತ್ಸಂಗದಲ್ಲಿ ಹೇಳಿಕೊಂಡು ಬಂದ ಕತೆ ಹಿಂದುಮುಂದಾಗುತ್ತದೆ. ಆದರೂ ಬರೆಯುತ್ತಿದ್ದೇನೆ. ಸ್ವೆಟರನ್ನು ಬಚ್ಚಿಟ್ಟು ಬರೆದರೆ ದೇವರ ಹೆಸರಿನಲ್ಲಿ ಸುಳ್ಳು ಹೇಳಿದಂತಾಗುತ್ತದೆ ಅನ್ನಿಸಿ, ಶರಣಬಂಧುಗಳ ಮುಂದೆ ಅದನ್ನೇ ಮೊದಲು ಇಟ್ಟೆ.

ಖಚಿತವಾಗಿ ಗೊತ್ತಿರುವುದು ಇಷ್ಟು. ನಮ್ಮದು ಬೀದರ ಕಡೆಯ ಭಾಲ್ಕಿ. ನನ್ನ ಯಜಮಾನರು ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದರು. ವರ್ಗವಾಗಿ ಔರಂಗಾಬಾದಿಗೆ ಬಂದೆವು, ಈಗ ಛತ್ರಪತಿ ಸಂಭಾಜಿನಗರ ಅನ್ನುವ ಊರಿಗೆ. ಎಂಬತ್ತೇಳೋ ಎಂಬತ್ತೆಂಟೋ ಇರಬೇಕು. ಒಂದು ದಿನ ಮಧ್ಯಾಹ್ನ ಕೌಂಟರಿನಲ್ಲಿ ಕೂತವರಿಗೆ ಎದೆನೋವು ಬಂತು. ಜತೆಯವರು ಆಟೋದಲ್ಲಿ ದವಾಖಾನೆಗೆ ಒಯ್ದರು. ನಾನು ಸಿಟಿ ಬಸ್ ಹಿಡಿದು ಹೋಗುವಷ್ಟರಲ್ಲಿ ಅವರ ಅಂಗಿಯನ್ನು ಮಡಚಿ ಕುರ್ಚಿಯ ಮೇಲೆ ಇಟ್ಟಿದ್ದರು. ಆ ಅಂಗಿಯ ಬಣ್ಣ ನನಗೆ ನೆನಪಿಲ್ಲ.

ಬ್ಯಾಂಕಿನವರು ಕೆಟ್ಟವರಲ್ಲ. ಯಜಮಾನರ ಜಾಗಕ್ಕೆ ಮನೆಯವರಿಗೆ ನೌಕರಿ ಕೊಡುವ ನಿಯಮ ಇತ್ತು. ದೊಡ್ಡ ಸಾಹೇಬರು ಕರೆದು ಕೂರಿಸಿ, "ವಹಿನಿ, ನೀವು ದಹಾವಿ ಪಾಸ್ ಏನ್ರಿ?" ಎಂದು ಕೇಳಿದರು. ಸೋಲಾಪುರದ ಕಡೆಯವರು, ಕನ್ನಡ ಬರುತ್ತಿತ್ತು. ನಾನು ಒಂಬತ್ತನೆಯ ಇಯತ್ತೆಗೇ ಮದುವೆಯಾಗಿ ಬಂದವಳು. ಹತ್ತನೆಯದು ಪಾಸಾಗಿದ್ದರೆ ಕ್ಲರ್ಕ್, ಇಲ್ಲದಿದ್ದರೆ ಕಸ ಗುಡಿಸಿ ನೀರು ಕೊಡುವ ಕೆಲಸ. ಕೆಲಸದಲ್ಲಿ ಮೇಲು ಕೀಳು ಇಲ್ಲವೆಂದು ಶರಣರು ಹೇಳಿದ್ದನ್ನು ನಾನೂ ಓದಿದ್ದೆ. ಆದರೆ ದಸರೆಗೆ ನಮ್ಮ ಮನೆಗೆ ಹೋಳಿಗೆ ಉಣ್ಣಲು ಬರುತ್ತಿದ್ದ ಅದೇ ಜನರ ಟೇಬಲ್ಲಿಗೆ, ಯಜಮಾನರ ಕುರ್ಚಿಯ ಪಕ್ಕದಲ್ಲೇ ಹಾದು, ನೀರಿನ ಲೋಟ ಇಡುವುದು ನನ್ನಿಂದ ಆಗುವ ಮಾತಾಗಿರಲಿಲ್ಲ. "ಈ ವರ್ಷ ಮುಗಿಯೂದ್ರಾಗ ಪಾಸ್ ಆಗಿ ಬರ್ರಿ, ಅಲ್ಲೀತನ ನಾ ಫೈಲ್ ತಡೀತೀನಿ" ಅಂದರು ಸಾಹೇಬರು.

ಮಾರ್ಚಿನಲ್ಲಿ ಔರಂಗಾಬಾದಿನಿಂದಲೇ ಖಾಸಗಿಯಾಗಿ ಪರೀಕ್ಷೆಗೆ ಕೂತೆ, ಮರಾಠಿ ಮಾಧ್ಯಮ. ಇಂಗ್ಲಿಷ್ ಕೂಡ ಹೇಗೋ ದಾಟಿತು. ಗಣಿತ ಒಂದು ಹೋಯಿತು. ಉಳಿದದ್ದು ಅಕ್ಟೋಬರ್ ಪರೀಕ್ಷೆ, ಅದೊಂದೇ. ಆ ಬೇಸಿಗೆಯಲ್ಲಿ ಬಾಡಿಗೆ ಮನೆ ಬಿಟ್ಟು ತಮ್ಮ ಸಿದ್ದಪ್ಪನ ಮನೆಗೆ ನಾಶಿಕ್ ರೋಡಿಗೆ ಬಂದೆವು. ಅವನಿಗೆ ಅಲ್ಲಿ ಕೇಂದ್ರ ಸರ್ಕಾರದ ನೌಕರಿ. ಪರೀಕ್ಷೆಯ ಸೆಂಟರ್ ಮಾತ್ರ ಔರಂಗಾಬಾದಿನಲ್ಲೇ ಉಳಿಯಿತು.

ಸುನೀತಾ ಆ ವರ್ಷ ಹತ್ತನೆಯ ಇಯತ್ತೆ. ಅವಳೂ ನಾನೂ ಒಂದೇ ಪುಸ್ತಕ, ಒಂದೇ ನೋಟ್ಸ್. ಅವಳ ಟ್ಯೂಶನ್ ಸರ್ ಪ್ರಮೇಯಗಳನ್ನೆಲ್ಲ ಸೈಕ್ಲೋಸ್ಟೈಲ್ ಮಾಡಿ ಕೊಟ್ಟಿದ್ದರು, ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತಿತ್ತು. ನಾನು ಬೆಳಗ್ಗೆ ಮಿಂದು, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಅದೇ ಚಾಪೆಯ ಮೇಲೆ ಕೂತು ನೋಟ್ಸ್ ತೆಗೆಯುತ್ತಿದ್ದೆ.

"ಆಯಿ, ನೋಟ್ಸಿಗಿ ವಿಭೂತಿ ಯಾಕ ಹಚ್ಚಿದಿ? ಆಕೃತಿನೇ ಕಾಣವಲ್ದು."

"ಛಲೋ ಆಗ್ಲಿ ಅಂತ ಹಚ್ಚಿನವಾ."

"ಯಾರಿಗಿ ಛಲೋ? ತ್ರಿಕೋನಕ್ಕಾ?"

ಅವಳ ಕನ್ನಡ ನನ್ನನ್ನು ರೇಗಿಸುವಾಗ ಮಾತ್ರ ಸರಾಗ. ಉಳಿದಂತೆ ಎರಡು ಮಾತಿಗೊಮ್ಮೆ ಮರಾಠಿಗೆ ಜಾರುತ್ತಿದ್ದಳು.

ಒಂದು ದಿನ ಅವಳಿಗೆ ಮಾರ್ಚಿನ ಪ್ರಶ್ನೆಪತ್ರಿಕೆ ತೋರಿಸಿದೆ. "ನೋಡು, ಸಿಲೆಬಸ್ಸಿನಾಗ ಇರಲಾರದ್ದು ಕೇಳ್ಯಾರ." ಆ ಪ್ರಶ್ನೆಗಳನ್ನು ನಾನು ಪೂರ್ತಿ ಬಿಟ್ಟು ಬಂದಿದ್ದೆ. ಅವಳು ಓದಿ, ನನ್ನನ್ನು ನೋಡಿ, ಮತ್ತೆ ಓದಿದಳು.

"ಆಯಿ, ಹೇ ತರ್ ತೇಚ್ ಆಹೇ. ಇದು ನೋಟ್ಸಿನಾಗಿಂದೇ ಅದ."

"ನೋಟ್ಸಿನಾಗ ಎ ಬಿ ಸಿ ಅದ. ಇಲ್ಲಿ ಪಿ ಕ್ಯೂ ಆರ್ ಅದ. ಅಕ್ಷರ ಬ್ಯಾರೆ ಅದಾವಲ್ಲ."

ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಮಾಮಾಗ ಭಾಲ್ಕ್ಯಾಗ ಸಿದ್ಯಾ ಅಂತಾರ, ಆಫೀಸಿನಾಗ ಸಾಹೇಬ ಅಂತಾರ. ಮಾಮಾ ಬ್ಯಾರೆ ಆಗ್ತಾನೇನ?"

ಒಳಗಿನಿಂದ ಸಿದ್ದಪ್ಪ, "ಸಿದ್ಯಾ ಅಂತ ಯಾರಂತಾರ, ಹೆಸರು ಹೇಳು" ಅಂದ.

ಮಾತು ತಲೆಗೆ ಹೋಯಿತು. ಕೈಗೆ ಹೋಗಲಿಲ್ಲ. ಅದಕ್ಕೆ ಕಾರಣ ಇದೆ, ಅದನ್ನು ನಿಮ್ಮಂಥವರಿಗೆ ಮಾತ್ರ ಹೇಳಿದರೆ ತಿಳಿಯುತ್ತದೆ. ನಮ್ಮ ಅಪ್ಪ ನನಗೆ ಸ್ತೋತ್ರಗಳನ್ನು ಬಾಯಿಪಾಠ ಮಾಡಿಸಿದವರು. ಒಂದು ಅಕ್ಷರ ಜಾರಿದರೆ ಮುಂದೆ ಹೋಗುವಂತಿಲ್ಲ, ಮೊದಲಿನಿಂದ ಶುರು. ಪ್ರಮೇಯಗಳನ್ನೂ ನಾನು ಹಾಗೆಯೇ ಕಲಿತೆ, ಕಣ್ಣು ಮುಚ್ಚಿ, ರಾಗ ಹಾಕಿ. ಸುನೀತಾ ಬೇರೆ ಅಕ್ಷರ ಹಾಕಿ ಆಕೃತಿ ಬರೆದು ಕೊಟ್ಟರೆ ಎರಡು ಸಾಲು ಸರಿ ಹೋಗುತ್ತಿತ್ತು. ಮೂರನೆಯ ಸಾಲಿಗೆ ಎ ಬಿ ಸಿ ತಾನಾಗಿ ಬಂದುಬಿಡುತ್ತಿತ್ತು. ಹೊಡೆದು ಹಾಕಿ ಮೊದಲಿನಿಂದ ಬರೆಯುತ್ತಿದ್ದೆ. ಅಷ್ಟರಲ್ಲಿ ಹೊತ್ತು ಮುಗಿದಿರುತ್ತಿತ್ತು.

ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತ ಪ್ರಮೇಯ ಹೇಳುತ್ತಿದ್ದೆ. ಕೆಳಗೆ ಬಂದು ರೊಟ್ಟಿ ಬಡಿಯುತ್ತ ಹೇಳುತ್ತಿದ್ದೆ. ರೊಟ್ಟಿ ಸೀದು ಹೋಗುತ್ತಿತ್ತು. ಶ್ರಾವಣದಲ್ಲಿ ತ್ರ್ಯಂಬಕೇಶ್ವರಕ್ಕೆ ಹೋಗಿ ಬಂದೆ. ಅಲ್ಲಿ ಹೆಂಗಸರು ಗರ್ಭಗುಡಿಯೊಳಗೆ ಹೋಗುವಂತಿಲ್ಲ. ದೂರ ನಿಂತು, ಮೇಲೆ ಕಟ್ಟಿದ ಕನ್ನಡಿಯಲ್ಲಿ ದೇವರನ್ನು ನೋಡಬೇಕು. ಕನ್ನಡಿಯಲ್ಲಿ ನೀರು ಹೊಳೆಯಿತು, ಹಿಂದಿನವರು ತಳ್ಳಿದರು, ಹೊರಗೆ ಬಂದೆ. ಮನೆಗೆ ಬಂದು ತಮ್ಮನ ಮುಂದೆ ಹೇಳಿಕೊಂಡೆ.

"ವೆರೂಳಕ್ಕ ಹೋಗಕ್ಕಾ" ಅಂದ ಸಿದ್ದಪ್ಪ. "ಅಲ್ಲಿ ಹೆಣ್ಮಕ್ಕಳೂ ಒಳಗ ಹೋಗಿ ಕೈಯಾರೆ ಮುಟ್ಟಬಹುದು. ಹೆಂಗೂ ಪರೀಕ್ಷೆಗಿ ಆ ಕಡೆನೇ ಹೋಗ್ತಿ."

ಅಲ್ಲಿಂದ ನಾನು ಒಂದೇ ಪ್ರಾರ್ಥನೆ ಹಿಡಿದೆ. ಬುದ್ಧಿ ಕೊಡು ಎಂದು ಕೇಳಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಎ ಬಿ ಸಿ ಬರಲಿ, ಅಷ್ಟೇ ಕೇಳಿದೆ. ಪಾಸಾದರೆ ಅಭಿಷೇಕ ಮಾಡಿಸುತ್ತೇನೆ ಎಂದು ಹರಕೆ ಹೊತ್ತೆ.

ಈಗ ಬರೆಯುವುದು ನನ್ನ ನೆನಪಿನ ಕ್ರಮ. ಸುನೀತಾಳದು ಬೇರೆ.

ಪರೀಕ್ಷೆಯ ಹಿಂದಿನ ದಿನ ನಾಶಿಕ್ ರೋಡಿನಲ್ಲಿ ರೈಲು ಹತ್ತಿದೆವು. ಮನ್ಮಾಡಿನಲ್ಲಿ ಇಳಿದು ಔರಂಗಾಬಾದಿನ ಸಣ್ಣ ಗಾಡಿ ಹಿಡಿಯಬೇಕು, ಆಗ ಆ ಹಳಿ ಸಣ್ಣದಿತ್ತು. ಊರು ಮುಟ್ಟಿ, ಎಸ್.ಟಿ. ಸ್ಟ್ಯಾಂಡಿನಲ್ಲಿ ವೆರೂಳದ ಬಸ್ಸು. ನೋಟ್ಸ್ ಚೀಲದಲ್ಲಿತ್ತು. ದೇವರಿಗೆ ಮುಟ್ಟಿಸುವುದೆಂದು ತಂದಿದ್ದೆ.

ಗುಡಿಯಲ್ಲಿ ನಮ್ಮ ಮುಂದೆ ಜಾಲನಾ ಕಡೆಯ ಒಂದು ಸಂಸಾರ ಪೂಜೆಗೆ ಕೂತಿತ್ತು. ಅರ್ಚಕರು ಸಂಕಲ್ಪ ಹೇಳತೊಡಗಿದರು. ಸಂಕಲ್ಪ ಅಂದರೆ ನಿಮಗೆ ಗೊತ್ತು, ಇಂಥ ಕಾಲದಲ್ಲಿ ಇಂಥ ಸ್ಥಳದಲ್ಲಿ ಇಂಥವರು ಈ ಪೂಜೆ ಮಾಡುತ್ತಿದ್ದಾರೆ ಎಂದು ಮೊದಲೇ ದೇವರಿಗೆ ತಿಳಿಸುವುದು. ಮಂತ್ರ ಓಡುತ್ತ ಒಂದು ಕಡೆ ನಿಂತಿತು. "ನಾವ್? ಗೋತ್ರ?" ಮರಾಠಿಯಲ್ಲಿ ನಾವ್ ಅಂದರೆ ಹೆಸರು. ಆ ಗಂಡಸು ಹೆಸರು, ಗೋತ್ರ ಹೇಳಿದ. ಅವೆರಡನ್ನು ಸೇರಿಸಿಕೊಂಡು ಮಂತ್ರ ಮತ್ತೆ ಓಡಿತು. ಅವರು ಎದ್ದರು, ನಾವು ಕೂತೆವು. ಅದೇ ಮಂತ್ರ, ಅದೇ ಕಡೆ ನಿಂತಿತು.

"ನಾವ್?"

"ಶಕುಂತಲಾ."

"ಗೋತ್ರ?"

ನನಗೆ ಗೊತ್ತಿರಲಿಲ್ಲ. ಕೊರಳಲ್ಲಿ ಲಿಂಗ ಇದ್ದವರನ್ನು ನಮ್ಮೂರಲ್ಲಿ ಗೋತ್ರ ಕೇಳಿದವರಿಲ್ಲ. ಯಜಮಾನರಿದ್ದಿದ್ದರೆ ಹೇಳುತ್ತಿದ್ದರೋ ಏನೋ. ನಾನು ಉತ್ತರ ಹೇಳದಿದ್ದರೆ ಮಂತ್ರವನ್ನು ಮೊದಲಿನಿಂದ ಹೇಳಬೇಕಾಗುತ್ತದೆ, ಹಿಂದೆ ಕ್ಯೂ ನಿಂತಿದೆ ಎಂದು ಗಾಬರಿಯಾಯಿತು. ಅರ್ಚಕರಿಗೆ ಗಾಬರಿ ಇರಲಿಲ್ಲ.

"ಮಾಹೀತ್ ನಸೇಲ್ ತರ್ ಕಾಶ್ಯಪ್ ಮ್ಹಣಾ." ಗೊತ್ತಿಲ್ಲದಿದ್ದರೆ ಕಾಶ್ಯಪ ಅನ್ನಿ. ಅಂದದ್ದೇ ಮುಂದಕ್ಕೆ ಹೋದರು. ಮಂತ್ರ ಮುರಿಯಲಿಲ್ಲ.

ಸುನೀತಾ ನನ್ನ ಕಿವಿಯ ಹತ್ತಿರ ಬಾಗಿದಳು. "ಆಯಿ, ಗುರುಜಿ ಎಕ್ಸ್ ಹಿಡದ್ರು."

ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಎಂದು ಹಿಡಿಯುತ್ತಾರಲ್ಲ, ಅದು. ಅವಳ ಮೊಣಕೈ ತಿವಿದು ಸುಮ್ಮನಿರಿಸಿದೆ. ಗುಡಿಯ ಲಿಂಗದ ಮೇಲೆ ಕೈ ಇಟ್ಟಾಗ ತಣ್ಣಗಿತ್ತು. ನೋಟ್ಸ್ ಮುಟ್ಟಿಸುವುದನ್ನು ಮರೆತೆ. ಹೊರಗೆ ಬಂದ ಮೇಲೆ ಚೀಲ ನೋಡಿ ಅತ್ತೆ.

ಮರುದಿನ ಪರೀಕ್ಷೆ. ಇದು ಮಾತ್ರ ಯಾರೂ ಅಲುಗಿಸಲಾರದ ಸಂಗತಿ. ಸುತ್ತ ಹದಿನಾರು ಹದಿನೇಳರ ಹುಡುಗರು, ನಡುವೆ ನಾನು ಸೆರಗು ಹೊದ್ದು ಕೂತಿದ್ದೆ. ಕಾಗದ ಕೈಗೆ ಬಂತು. ರೇಖಾಗಣಿತದ ದೊಡ್ಡ ಪ್ರಶ್ನೆ ನೋಡಿದೆ: ತ್ರಿಕೋನ ಪಿ ಕ್ಯೂ ಆರ್. ಸಾಲದ್ದಕ್ಕೆ ಆಕೃತಿ ತಲೆಕೆಳಗಾಗಿತ್ತು. ನಾನು ಬೇಡಿದ್ದನ್ನು ದೇವರು ಕೊಟ್ಟಿರಲಿಲ್ಲ. ಅಷ್ಟು ದೂರ ಹೋಗಿ, ಕೈಯಾರೆ ಮುಟ್ಟಿ, ಅಷ್ಟೇ ಒಂದು ಕೇಳಿದ್ದೆ.

ಬರೆಯಲು ಶುರು ಮಾಡಿದೆ. ಮೂರನೆಯ ಸಾಲಿಗೆ ಎ ಬಿ ಬಂತು. ಹೊಡೆದು ಹಾಕಿದೆ. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ. ಗೋಡೆಯ ಗಡಿಯಾರ ನೋಡಲು ಧೈರ್ಯ ಬರಲಿಲ್ಲ. ನೀರಿನ ಲೋಟ ಕಣ್ಣ ಮುಂದೆ ಬಂತು, ಯಜಮಾನರ ಕೌಂಟರು, ಅದರಾಚೆ ಬೇರೆ ಯಾರೋ ಕೂತದ್ದು. ಪೆನ್ನು ಇಟ್ಟು, ಸೆರಗಿನೊಳಗೆ ಕೈ ಹಾಕಿ ಕೊರಳ ಲಿಂಗವನ್ನು ಹಿಡಿದೆ. ಏನೂ ಬೇಡಲಿಲ್ಲ. ಬೇಡಲು ಏನೂ ಉಳಿದಿರಲಿಲ್ಲ.

ಆಗ ಬಂತು. ದನಿ ಅನ್ನಲೇ? ಬೇಡ, ದೊಡ್ಡದಾಗುತ್ತದೆ. ಒಂದು ಮಂತ್ರ ನಡುವೆ ನಿಂತು, "ಹೆಸರು?" ಎಂದು ಕೇಳಿದಂತಾಯಿತು. ಮಂತ್ರದಲ್ಲಿ ಅಕ್ಷರ ಬದಲಾಗಬಾರದು ಅಂದಿದ್ದರು ಅಪ್ಪ. ಆದರೆ ಅದೇ ಮಂತ್ರದೊಳಗೆ ಒಂದು ಜಾಗ ಖಾಲಿ ಇರುತ್ತದೆ. ಕೂತವರ ಹೆಸರು ಅಲ್ಲಿ ಬರುತ್ತದೆ, ಎದ್ದು ಹೋಗುತ್ತದೆ. ಯಾರ ಹೆಸರು ಬಂದರೂ ಮಂತ್ರಕ್ಕೆ ಮೈಲಿಗೆ ಇಲ್ಲ. ಇವತ್ತು ಕೂತವರು ಪಿ, ಕ್ಯೂ, ಆರ್. ಪೂಜೆ ಅವರದು.

ಹಾಳೆಯ ಮೂಲೆಯಲ್ಲಿ ಸಣ್ಣದಾಗಿ ಬರೆದುಕೊಂಡೆ: ಎ ಜಾಗಕ್ಕೆ ಪಿ, ಬಿ ಜಾಗಕ್ಕೆ ಕ್ಯೂ, ಸಿ ಜಾಗಕ್ಕೆ ಆರ್. ಸುಪರ್ವೈಜರ್ ಹೆಂಗಸು ಬಂದು ಬಾಗಿ, "ಹೇ ಕಾಯ್?", ಇದೇನು, ಎಂದು ಕೇಳಿದರು. "ನಾವೇ ಆಹೇತ್, ಬಾಯಿ" ಅಂದೆ. ಹೆಸರುಗಳು. ಅವರು ನನ್ನ ಹಣೆಯ ವಿಭೂತಿ ನೋಡಿ ಮುಂದಕ್ಕೆ ಹೋದರು. ರಾಗ ಹಿಡಿದು ಬಾಯೊಳಗೇ ಹೇಳುತ್ತ, ಜಾಗ ಬಂದಾಗ ಹೆಸರು ತುಂಬುತ್ತ, ಪ್ರಮೇಯವನ್ನು ಕೊನೆಯವರೆಗೆ ಬರೆದೆ. ಒಂದು ಕಡೆ ಕ್ಯೂ ಬದಲು ಬಿ ಬಿತ್ತು. ಅದನ್ನಷ್ಟೇ ತಿದ್ದಿದೆ. ಜೀವನದಲ್ಲಿ ಮೊದಲ ಸಲ ಮೊದಲಿನಿಂದ ಶುರು ಮಾಡಲಿಲ್ಲ. ಮುಂದಿನ ಪ್ರಮೇಯಕ್ಕೆ ಹೋದೆ.

ಪಾಸಾದೆ. ಅಂಚಿಗೆ ಪಾಸಾದೆ, ಆದರೆ ಆದೆ. ಸಾಹೇಬರು ಫೈಲ್ ತಡೆದು ಕೂತಿದ್ದರು. ನಾಶಿಕಿನ ಶಾಖೆಯಲ್ಲಿ ಕ್ಲರ್ಕ್ ಆಗಿ ಸೇರಿ, ಅಲ್ಲೇ ನಿವೃತ್ತಳಾದೆ. ಸುನೀತಾ ಮುಂದೆ ಅದೇ ನೋಟ್ಸ್ ಓದಿ ನನಗಿಂತ ಬಹಳ ಹೆಚ್ಚು ಅಂಕ ತಂದಳು. ವಿಭೂತಿಯ ಕಾರಣಕ್ಕೆ ಅಂದೆ. ವಿಭೂತಿ ಉದುರಿಸಿದ ಕಾರಣಕ್ಕೆ ಅಂದಳು.

ಸ್ವೆಟರ್ ಇಲ್ಲದೆ ಮೊದಲು ಬರೆದದ್ದನ್ನು ಮೊನ್ನೆ ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ.

"ಆಯಿ, ವೆರೂಳಕ್ಕ ನಾವು ರಿಸಲ್ಟ್ ಬಂದ ಮ್ಯಾಗ ಹೋಗಿದ್ದು. ಹರಕಿ ತೀರಸಲಾಕ. ಗುಡಿಯಾಗ ನನ್ನ ಸ್ವೆಟರಿಗಿ ಎಣ್ಣಿ ಹತ್ತಿತ್ತು, ನೀ ಬೈದಿದ್ದಿ."

"ಎರಡು ಸಲ ಹೋಗಿರಬೇಕು."

"ಒಂದೇ ಸಲ. ಪರೀಕ್ಷೆ ಹಿಂದಿನ ದಿನ ಗಾಡಿ ಲೇಟ್ ಆಗಿ ಮನ್ಮಾಡಿನಾಗೇ ಕೂತಿದ್ವಿ. ಔರಂಗಾಬಾದ ಮುಟ್ಟೂದ್ರಾಗ ವೆರೂಳದ ಬಸ್ ಹೋಗಿಬಿಟ್ಟಿತ್ತು. ನೀ ಸ್ಟ್ಯಾಂಡಿನಾಗ ಕೂತು ಅತ್ತಿದ್ದಿ."

ಅತ್ತದ್ದು ನನಗೂ ನೆನಪಿದೆ. ನೋಟ್ಸ್ ಮುಟ್ಟಿಸಲು ಮರೆತೆನೆಂದು ಗುಡಿಯ ಹೊರಗೆ ಅತ್ತೆ ಅನ್ನುತ್ತೇನೆ ನಾನು. ಗುಡಿಯನ್ನೇ ಮುಟ್ಟಲಾಗದೆ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಅನ್ನುತ್ತಾಳೆ ಅವಳು. ಎಣ್ಣೆ ಹತ್ತಿದ ಸ್ವೆಟರ್ ಅಂದಾಗ ನನ್ನ ಮೂಗಿಗೂ ಆ ವಾಸನೆ ಬಂತು. ಅದಕ್ಕೇ ಅವಳು ಸುಳ್ಳು ಎಂದು ಹೇಳಲಾರೆ.

"ಹಂಗಾದ್ರ ಪರೀಕ್ಷೆ ಹಾಲಿನಾಗ ನನಗ ಹೇಳಿದ್ದು ಯಾರು?" ಎಂದು ಕೇಳಿದೆ.

"ಅದು ನನಗ ಹೆಂಗ ಗೊತ್ತಾಗಬೇಕ ಆಯಿ, ನಾ ಹೊರಗ ಗೇಟಿನ ಹಂತ್ಯಾಕ ನಿಂತಿದ್ದೆ" ಅಂದಳು.

ಶರಣಬಂಧುಗಳೇ, ಆ ಉತ್ತರಪತ್ರಿಕೆಯಲ್ಲಿ ಪಿ ಕ್ಯೂ ಆರ್ ಬರೆದದ್ದು ಈ ಕೈ. ಇದರಲ್ಲಿ ನನಗೆ ಅನುಮಾನವಿಲ್ಲ. ಆ ಕೈ ಬೇಡಿದ್ದನ್ನು ಕೊಡದೆ ಬೇಕಾದ್ದನ್ನು ಕೊಟ್ಟವನಿಗೆ ದಿನವೂ ಬೆಳಗ್ಗೆ ಕೈ ಮುಗಿಯುತ್ತೇನೆ, ಮೊದಲಿಗಿಂತ ಗಟ್ಟಿಯಾಗಿ. ಎಲ್ಲಿಯಾದರೂ ಪೂಜೆಯಲ್ಲಿ ಗೋತ್ರ ಕೇಳಿದರೆ ಕಾಶ್ಯಪ ಅನ್ನುತ್ತೇನೆ. ನಿಜವಾದದ್ದು ಯಾವುದೆಂದು ಕೇಳಿ ತಿಳಿಯಲು ಹೋಗಲಿಲ್ಲ.

ವೆರೂಳಕ್ಕೆ ಮೊದಲು ಹೋದೆನೋ, ಆಮೇಲೆ ಹೋದೆನೋ, ನನಗೆ ಗೊತ್ತಿಲ್ಲ.