ತಾರಸಿಯ ಬಿಸಿಲಿಗೆ ವೈರು ಎಳೆದದ್ದು

ಹೊಸ ತಿಪ್ಪಸಂದ್ರದ ನಮ್ಮ ಮನೆಯ ತಾರಸಿಯ ಮೇಲೆ ಒಂದು ಶೀಟಿನ ರೂಮಿದೆ. ಹೋದ ಬೇಸಿಗೆ ಅಲ್ಲಿ ಬಾಡಿಗೆಗಿದ್ದವರು ಯಾದಗಿರಿ ಕಡೆಯ ಗಂಡ ಹೆಂಡತಿ, ಜೊತೆಗೊಂದು ಎಳೆಗೂಸು. ಗಂಡ ಕೆ.ಆರ್. ಪುರದ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನು ನಿಂತರೆ ಸಾಕು, ಬೆವರುಸಾಲೆ ಎದ್ದ ಮಗು ಬೀದಿಗೆಲ್ಲ ಕೇಳುವ ಹಾಗೆ ಅಳುತ್ತಿತ್ತು.

"ಕೂಸು ಮಲಗವಲ್ದ್ರೀ ಅಕ್ಕಾ. ಬರೋ ವಾರ ನಮ್ಮಣ್ಣ ಬಂದು ಊರಿಗೆ ಕರಕೊಂಡು ಹೋಗ್ತಾನ್ರೀ. ಇವರು ಒಬ್ಬರ ಇಲ್ಲಿ ಹೆಂಗ ಇರ್ತಾರೋ ಏನೋ," ಎಂದಳು ಆ ತಾಯಿ, ನನ್ನ ಹೆಂಡತಿಯ ಹತ್ತಿರ.

ಪಕ್ಕದಲ್ಲೇ ಕೂತಿದ್ದ ನಾನು ಸುಮ್ಮನಿರಬಹುದಿತ್ತು. "ಊರಿಗೆ ಯಾಕಮ್ಮಾ, ಸೋಲಾರ್ ಫ್ಯಾನ್ ಹಾಕಿಕೊಡ್ತೀನಿ," ಎಂದುಬಿಟ್ಟೆ. ಹೆಂಡತಿ ನನ್ನ ಕಡೆ ನೋಡಿದಳು. ಹಿಂದೆ ನಾನು ರಿಪೇರಿ ಮಾಡಿದ ಮಿಕ್ಸಿಯ ಇಡೀ ಚರಿತ್ರೆ ಆ ನೋಟದಲ್ಲಿತ್ತು.

ಶಿವಾಜಿನಗರದ ಅಂಗಡಿಯಲ್ಲಿ ಎರಡು ಚಿಕ್ಕ ಪ್ಯಾನೆಲ್, ಒಂದು ಬ್ಯಾಟರಿ, ಬ್ಯಾಟರಿಗೆ ಓಡುವ ಫ್ಯಾನು ಕೊಂಡೆ. ಜೊತೆಗೆ ಚಾರ್ಜ್ ಕಂಟ್ರೋಲರ್, ಅಂದರೆ ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಎಷ್ಟು ಕರೆಂಟ್ ಒಳಗೆ ಬಿಡಬೇಕೆಂದು ನೋಡಿಕೊಳ್ಳುವ ಡಬ್ಬಿ.

"ಸೀರೀಸಾ, ಪ್ಯಾರಲಲ್ಲಾ ಸಾಬ್? ಅದನ್ನ ನೋಡ್ಕೊಂಡು ವೈರ್ ಕೊಡ್ತೀನಿ," ಎಂದರು ಅಂಗಡಿಯವರು.

"ಸೀರೀಸ್," ಎಂದೆ, ಹೋಟೆಲಿನಲ್ಲಿ ಕಾಫಿ ಹೇಳುವಷ್ಟು ಸಲೀಸಾಗಿ. ಮೊಬೈಲಿನಲ್ಲಿ ಅಷ್ಟೊಂದು ವಿಡಿಯೋ ನೋಡಿದ್ದೆನಲ್ಲ! ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಕಟ್ಟಿದರೆ ವೋಲ್ಟ್ ಎರಡೂ ಕೂಡುತ್ತವೆ, ತೆಳು ವೈರು ಸಾಕಾಗುತ್ತದೆ. ಕೂಡಿದ ವೋಲ್ಟನ್ನು ಆ ಡಬ್ಬಿ ತಡೆದುಕೊಳ್ಳುತ್ತದೆಯೇ ಎಂದೂ ಓದಿ ನೋಡಿದ್ದೆ. ಇಷ್ಟು ಬುದ್ಧಿವಂತನಿಗೆ ಯಾಕೆ ಯಾರೂ ಸನ್ಮಾನ ಮಾಡಿಲ್ಲವೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದೆ.

ಭಾನುವಾರ ಕಟ್ಟಿದೆ. ಫ್ಯಾನು ತಿರುಗಿತು. ಸೋಮವಾರ ಮಧ್ಯಾಹ್ನ ಕರೆಂಟ್ ಹೋದಾಗ ಒಂದಿಷ್ಟು ತಿರುಗಿ ನಿಂತಿತಂತೆ. ಮಂಗಳವಾರವೂ ಅಷ್ಟೇ. ಸಂಜೆ ಕೆಲಸದಿಂದ ಬಂದು ನೋಡಿದರೆ ಪ್ಯಾನೆಲ್ಲುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಸ್ಕ್ರೂ ಬಿಗಿ ಮಾಡಿದೆ, ಬ್ಯಾಟರಿ ಒರೆಸಿದೆ, ಅಂಗಡಿಯವರನ್ನು ಮನಸ್ಸಿನಲ್ಲೇ ಬೈದೆ. ಅಷ್ಟರಲ್ಲಿ ಮೇಲಿನ ರೂಮಿನಲ್ಲಿ ಸೀರೆಗಳು ಬ್ಯಾಗು ಸೇರತೊಡಗಿದ್ದವು.

ಶನಿವಾರ ರಜೆ. ನೆತ್ತಿ ಸುಡುವ ಹೊತ್ತಿನಲ್ಲಿ ತಾರಸಿ ಹತ್ತಿದೆ. ಒಂದು ಪ್ಯಾನೆಲ್ಲಿನ ಮೇಲೆ ನನ್ನ ಹಳೇ ಪಂಚೆ ಹಾಸಿತ್ತು. ಪಂಚೆಯ ತುಂಬ ಅಕ್ಕಿ ಸಂಡಿಗೆ.

"ಏನ್ರೀ ಹಾಗೆ ನಿಂತ್ಬಿಟ್ರಿ?" ಎಂದಳು ಹಿಂದೆಯೇ ಹತ್ತಿ ಬಂದ ಹೆಂಡತಿ. "ಗಾಜು ಒಳ್ಳೇ ಕಾಯುತ್ತೆ ಕಣ್ರೀ. ಸಂಜೆ ನೀವು ಬರೋ ಹೊತ್ತಿಗೆಲ್ಲಾ ಗರಿಗರಿ ಒಣಗಿರುತ್ತೆ, ದಿನಾ ತೆಗೆದು ಗಾಜು ಒರೆಸಿಟ್ಟಿರ್ತೀನಿ."

"ಪ್ಯಾನೆಲ್ ಮೇಲೆ ಹಾಕೋದಾ?"

"ಒಂದರ ಮೇಲೆ ಹಾಕಿದೀನಿ. ಇನ್ನೊಂದು ನಿಮ್ಗೇ ಅಂತ ಬಿಟ್ಟಿದೀನಲ್ಲ!"

ನ್ಯಾಯವಾದ ಪಾಲು. ಆದರೆ ಸೀರೀಸಿನಲ್ಲಿ ಕಟ್ಟಿದ್ದು ಒಂದೇ ಪೈಪಿದ್ದ ಹಾಗೆ: ಒಂದು ಕಡೆ ಕಟ್ಟಿಕೊಂಡರೆ ನೀರೆಲ್ಲ ಅಲ್ಲೇ ನಿಲ್ಲುತ್ತದೆ. ಇದನ್ನು ಕೈ ಆಡಿಸಿ ವಿವರಿಸಿದೆ.

"ಹಂಗೆ ಯಾಕೆ ಕಟ್ಟಿದ್ರಿ ಮತ್ತೆ? ಮನೇಲಿ ಸಂಡಿಗೆ ಹಾಕೋದು ಗೊತ್ತಿರ್ಲಿಲ್ವಾ?" ಎಂದವಳು ಶೀಟಿನ ರೂಮಿನ ಕಡೆ ನೋಡಿ ತಾನೇ ಪಂಚೆಯ ತುದಿ ಹಿಡಿದಳು. "ತೆಗೀತೀನಿ ಬಿಡಿ. ಪಾಪ, ಆ ಮಗು..."

"ಬೇಡ, ಇರ್ಲಿ," ಎಂದೆ. ಸಂಡಿಗೆ ಆದ ಮೇಲೆ ಮೆಣಸಿನಕಾಯಿ, ಆಮೇಲೆ ಮಾವಿನಕಾಯಿ ಹೋಳು. ನಮ್ಮ ತಾರಸಿಯಲ್ಲಿ ಬಿಸಿಲು ಎಂದೂ ನನ್ನೊಬ್ಬನದಲ್ಲ.

ಅವತ್ತೇ ಶಿವಾಜಿನಗರಕ್ಕೆ ಹೋಗಿ ದಪ್ಪ ವೈರು ಕೇಳಿದೆ. "ಯಾಕೆ ಸಾಬ್, ಸೀರೀಸ್ ಸಾಕಾಯ್ತಾ?" ಎಂದು ಅಂಗಡಿಯವರು ನಕ್ಕರು.

"ಮನೇಲಿ ಸಂಡಿಗೆ ಸೀಸನ್ನು," ಎಂದೆ. ಅವರು ವೈರು ಅಳೆದು ಕತ್ತರಿಸಿದರು.

ಈ ಸಲ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು. ಒಂದು ಪ್ಯಾನೆಲ್ ಮುಸುಕು ಹಾಕಿಕೊಂಡರೂ ಇನ್ನೊಂದು ತನ್ನ ಪಾಡಿಗೆ ದುಡಿಯುತ್ತದೆ.

ಮರುದಿನ ಮಧ್ಯಾಹ್ನ ಕರೆಂಟ್ ಹೋಯಿತು. ಕೆಳಗೆ ನಾನು ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ ಕಿವಿ ಮೇಲಿಟ್ಟು ಕೂತೆ. ಅಳು ಕೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಆ ತಾಯಿ ಮೆಲ್ಲಗೆ ಇಳಿದು ಬಂದಳು.

"ಅಣ್ಣಾರ, ಫ್ಯಾನ್ ನಿಂತೇ ಇಲ್ಲ. ಇವತ್ತ ಕರೆಂಟ್ ಹೋಗೇ ಇಲ್ಲಲ್ರೀ?"

ನಾನು ಪ್ಯಾರಲಲ್ಲಿನ ಮಹಿಮೆ ಹೇಳಲು ಬಾಯಿ ತೆರೆದೆ. "ಮೆತ್ತಗ ಮಾತಾಡ್ರೀ, ಕೂಸು ಮಲಗೇದ," ಎಂದು ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಫೋನು ಕಿವಿಗಿಟ್ಟಳು. "ಅಣ್ಣಾ, ಈಗ ಬರಬ್ಯಾಡೋ. ಪಂಚಮಿ ಹಬ್ಬಕ್ಕ ಕರಿಯಾಕ ಬಾ."